ಚಿತ್ರ ಮತ್ತು ಅದರ ಕೆಳಗಿನ ಪ್ಯಾರಾ: ನಾಸಾದ ‘ದಿನಕ್ಕೊಂದು ಖಗೋಳ ಚಿತ್ರ’ ಸೇವೆಯ ವಿಮರ್ಶೆ

ನಾಸಾದ ‘ಆಸ್ಟ್ರಾನಮಿ ಪಿಕ್ಚರ್ ಆಫ್ ದ ಡೇ’ ಎಂಬ ಸೇವೆ 1995ರ ಜೂನ್ 16ರಂದು ಆರಂಭವಾಯಿತು. ರಾಬರ್ಟ್ ನೆಮಿರಾಫ್ ಮತ್ತು ಜೆರ್ರಿ ಬೊನೆಲ್ ಎಂಬ ಇಬ್ಬರು ಖಗೋಳ ವಿಜ್ಞಾನಿಗಳು ಸೇರಿ ಕಟ್ಟಿದ ಈ ಪುಟದಲ್ಲಿ ಅಂದಿನಿಂದ ದಿನಕ್ಕೊಂದು ಚಿತ್ರವೂ ಅದರ ಕೆಳಗೆ ಒಂದು ಪ್ಯಾರಾದಷ್ಟು ವಿವರಣೆಯೂ ಪ್ರಕಟವಾಗುತ್ತ ಬಂದಿವೆ. ಹಳೆಯ ಪುಟಗಳನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡಿರುವುದರಿಂದ ಇಂದು ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ದಿನಗಳ ಭಂಡಾರವಿದೆ. ಶುಲ್ಕವಿಲ್ಲ, ನೋಂದಣಿಯಿಲ್ಲ, ಜಾಹೀರಾತಿಲ್ಲ. ಅಮೆರಿಕದ ಪೂರ್ವ ಕರಾವಳಿಯ ಮಧ್ಯರಾತ್ರಿಗೆ ಹೊಸ ಚಿತ್ರ ಬರುವುದರಿಂದ ನಮ್ಮಲ್ಲಿ ಅದು ಬೇಸಿಗೆಯ ತಿಂಗಳುಗಳಲ್ಲಿ ಬೆಳಗಿನ ಒಂಬತ್ತೂವರೆಯ ಹೊತ್ತಿಗೆ, ಚಳಿಗಾಲದಲ್ಲಿ ಹತ್ತೂವರೆಯ ಹೊತ್ತಿಗೆ ಕಾಣಸಿಗುತ್ತದೆ. ಬಹುಕಾಲದಿಂದ ಇದನ್ನು ಓದುತ್ತ ಬಂದಿರುವ ನನಗೆ ಈ ಸೇವೆಯ ಕುರಿತು ಹೇಳಬೇಕಾದ ಮುಖ್ಯ ಮಾತು ಒಂದೇ: ಅದರ ನಿಜವಾದ ಬೆಲೆ ಇರುವುದು ಚಿತ್ರದ ಕೆಳಗಿನ ಆ ಪ್ಯಾರಾದಲ್ಲಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮೊಬೈಲ್ ತೆರೆದರೆ ಸಾಕು, ನೀಹಾರಿಕೆಗಳೂ ಸುರುಳಿ ಗ್ಯಾಲಕ್ಸಿಗಳೂ ಉಂಗುರ ತೊಟ್ಟ ಶನಿಯೂ ಸಾಲುಸಾಲಾಗಿ ಬರುತ್ತವೆ. ಅವುಗಳಲ್ಲಿ ಯಾವುದು ದೂರದರ್ಶಕ ಕಂಡದ್ದು, ಯಾವುದು ಕಲಾವಿದರು ಬಿಡಿಸಿದ್ದು, ಯಾವುದು ಕಂಪ್ಯೂಟರ್ ಲೆಕ್ಕ ಹಾಕಿ ಹೆಣೆದದ್ದು ಎಂದು ಹೇಳುವವರು ಮಾತ್ರ ಕಡಿಮೆ. ಈ ಸೇವೆ ತನ್ನ ಮೊದಲ ದಿನವೇ ತೋರಿಸಿದ್ದು ಕಂಪ್ಯೂಟರ್ ರಚಿಸಿದ ಒಂದು ಚಿತ್ರವನ್ನು: ನಮ್ಮ ಭೂಮಿ ನ್ಯೂಟ್ರಾನ್ ನಕ್ಷತ್ರದಷ್ಟು ಸಾಂದ್ರವಾಗಿದ್ದರೆ ಅದರ ಗುರುತ್ವದಲ್ಲಿ ಬೆಳಕು ಹೇಗೆ ಬಾಗಿ, ಭೂಪಟವೂ ಆಕಾಶವೂ ಹೇಗೆ ಕಾಣುತ್ತಿದ್ದವು ಎಂಬುದರ ಕಲ್ಪನೆ. ಕಲ್ಪನೆಯನ್ನು ಕಲ್ಪನೆಯೆಂದೇ, ಛಾಯಾಚಿತ್ರವನ್ನು ಛಾಯಾಚಿತ್ರವೆಂದೇ ಕರೆಯುವ ಆ ಶಿಸ್ತು ಇಂದಿಗೂ ಕೆಟ್ಟಿಲ್ಲ ಎಂಬುದೇ ನಾನು ಇದನ್ನು ಗೌರವದಿಂದ ಕಾಣಲು ಮೊದಲ ಕಾರಣ.

ಚಿತ್ರ ತಾನಾಗಿ ಮಾತನಾಡುವುದಿಲ್ಲ, ಅದನ್ನು ಓದುವ ಕಣ್ಣು ಬೇಕು ಎಂಬುದಕ್ಕೆ ಗುರುಗ್ರಹದ ಉಪಗ್ರಹವಾದ ಅಯೋ ಅತ್ಯುತ್ತಮ ನಿದರ್ಶನ. ವಾಯೇಜರ್-1 ನೌಕೆ 1979ರ ಮಾರ್ಚ್ 5ರಂದು ಗುರುವನ್ನು ದಾಟಿ ಮುಂದೆ ಸಾಗಿತು. ಮೂರು ದಿನಗಳ ಬಳಿಕ, ಸುಮಾರು 45 ಲಕ್ಷ ಕಿಲೋಮೀಟರ್ ದೂರದಿಂದ ಅದು ಹಿಂದಿರುಗಿ ನೋಡಿ ಅಯೋವಿನ ಚಿತ್ರ ತೆಗೆಯಿತು. ಆ ಚಿತ್ರದ ಉದ್ದೇಶ ವಿಜ್ಞಾನವಾಗಿರಲಿಲ್ಲ. ಹಿನ್ನೆಲೆಯ ನಕ್ಷತ್ರಗಳ ಸ್ಥಾನ ಗುರುತಿಸಿ ನೌಕೆ ಎಲ್ಲಿದೆ ಎಂದು ನಿಖರವಾಗಿ ಅಳೆಯಲು ಮಾರ್ಗನಿರ್ದೇಶನ ತಂಡ ಅದನ್ನು ಕೇಳಿತ್ತು. ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಆ ತಂಡದಲ್ಲಿದ್ದ ಲಿಂಡಾ ಮೊರಾಬಿಟೊ ಅವರು ಮಸುಕಾದ ನಕ್ಷತ್ರವೊಂದನ್ನು ಕಾಣಲೆಂದು ಚಿತ್ರದ ಹೊಳಪನ್ನು ಏರಿಸಿದಾಗ, ಅಯೋವಿನ ಅಂಚಿನಿಂದ ಹೊರಗೆ ಚಾಚಿದ್ದ ಛತ್ರಿಯಾಕಾರದ ಮೋಡವೊಂದು ಕಾಣಿಸಿತು. ಅದು ಕ್ಯಾಮೆರಾದ ದೋಷವಿರಬಹುದೇ, ಹಿಂದೆ ಅಡಗಿರುವ ಇನ್ನೊಂದು ಉಪಗ್ರಹವಿರಬಹುದೇ ಎಂದು ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕಿದ ಮೇಲೆ ಉಳಿದದ್ದು ಒಂದೇ ವಿವರಣೆ: ನೆಲದಿಂದ 250 ಕಿಲೋಮೀಟರಿಗೂ ಎತ್ತರಕ್ಕೆ ಚಿಮ್ಮುತ್ತಿರುವ ಜ್ವಾಲಾಮುಖಿ. ಭೂಮಿಯ ಹೊರಗೆ ಜೀವಂತ ಜ್ವಾಲಾಮುಖಿಯನ್ನು ಮನುಷ್ಯರು ಕಂಡದ್ದು ಅದೇ ಮೊದಲು. ವಿಶೇಷವೆಂದರೆ ಅದಕ್ಕೆ ಒಂದು ವಾರ ಮೊದಲಷ್ಟೇ ಪೀಲ್, ಕ್ಯಾಸೆನ್ ಮತ್ತು ರೆನಾಲ್ಡ್ಸ್ ಎಂಬ ಮೂವರು ವಿಜ್ಞಾನಿಗಳು, ಗುರುವಿನ ಸೆಳೆತ ಮತ್ತು ಯೂರೋಪಾ, ಗ್ಯಾನಿಮೀಡ್ ಉಪಗ್ರಹಗಳ ಎಳೆದಾಟದ ನಡುವೆ ಅಯೋವಿನ ಒಡಲು ಸತತವಾಗಿ ಹಿಂಡಿಸಿಕೊಂಡು ಕರಗಿರಬೇಕು ಎಂದು ಲೆಕ್ಕ ಹಾಕಿ ಪ್ರಕಟಿಸಿದ್ದರು. ಅಯೋ ನಾಲ್ಕು ಸುತ್ತು ಬರುವಷ್ಟರಲ್ಲಿ ಯೂರೋಪಾ ಎರಡು, ಗ್ಯಾನಿಮೀಡ್ ಒಂದು ಸುತ್ತು ಬರುತ್ತವೆ. ಈ ತಾಳ ತಪ್ಪದ ಕಾರಣ ಅಯೋವಿನ ಕಕ್ಷೆ ಎಂದೂ ಪೂರ್ಣ ವೃತ್ತವಾಗದೆ, ಅದರ ಒಡಲಿಗೆ ವಿಶ್ರಾಂತಿಯೆಂಬುದೇ ಇಲ್ಲ. ಈ ಹಿನ್ನೆಲೆ ಗೊತ್ತಿಲ್ಲದವರಿಗೆ ಆ ಕಪ್ಪುಬಿಳುಪು ಚಿತ್ರ ಮಸುಕಾದ ಒಂದು ಕಲೆ ಮಾತ್ರ.

ಶನಿಯ ಉಪಗ್ರಹಗಳ ವಿಷಯದಲ್ಲೂ ಇದೇ ಕಥೆ. ಸುಮಾರು 500 ಕಿಲೋಮೀಟರ್ ವ್ಯಾಸದ ಎನ್ಸೆಲಾಡಸ್ ಇಷ್ಟು ಚಿಕ್ಕದಾಗಿರುವುದರಿಂದ ಎಂದೋ ತಣ್ಣಗಾಗಿ ಸತ್ತ ಮಂಜುಗಡ್ಡೆಯಾಗಿರಬೇಕಿತ್ತು. 2005ರಲ್ಲಿ ಕಸ್ಸಿನಿ ನೌಕೆ ಅದರ ದಕ್ಷಿಣ ಧ್ರುವದಲ್ಲಿ ನಾಲ್ಕು ಸಮಾನಾಂತರ ಬಿರುಕುಗಳನ್ನು ಕಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಸೂರ್ಯ ಉಪಗ್ರಹದ ಹಿಂದೆ ಇರುವಂತೆ ನೋಡಿದಾಗ ಆ ಬಿರುಕುಗಳಿಂದ ನೀರಾವಿಯೂ ಮಂಜಿನ ಕಣಗಳೂ ಕಾರಂಜಿಗಳಂತೆ ಹೊಮ್ಮುತ್ತಿರುವುದು ಬೆಳಗಿ ಕಾಣಿಸಿತು. ಎದುರು ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕಣ್ಣಿಗೆ ಬೀಳದೆ ಹೋದದ್ದು ಹಿಂಬೆಳಕಿನಲ್ಲಿ ಸಿಕ್ಕಿತು. ಆ ಕಾರಂಜಿಗಳ ಮೂಲಕವೇ ನೌಕೆ ಹಾದುಹೋಗಿ ಉಪ್ಪಿನಂಶವನ್ನೂ ಮುಂದೆ ಜಲಜನಕವನ್ನೂ ಪತ್ತೆಹಚ್ಚಿತು. ಮಂಜಿನ ಪದರದ ಕೆಳಗೆ ದ್ರವರೂಪದ ಸಾಗರವಿದೆ ಎಂಬುದು ಈಗ ಒಪ್ಪಿತ ಮಾತು. ಇನ್ನೊಂದು ಉಪಗ್ರಹವಾದ ಐಯಾಪಿಟಸ್‌ನ ಒಂದು ಮುಖ ಇದ್ದಿಲಿನಂತೆ ಕಪ್ಪು, ಇನ್ನೊಂದು ಮುಖ ಹಿಮದಂತೆ ಬಿಳುಪು. 1671ರಲ್ಲಿ ಈ ಉಪಗ್ರಹವನ್ನು ಕಂಡುಹಿಡಿದ ಖಗೋಳ ವಿಜ್ಞಾನಿ ಜೊವಾನಿ ಕಸ್ಸಿನಿ ಅದನ್ನು ಶನಿಯ ಒಂದು ಬದಿಯಲ್ಲಿ ಮಾತ್ರ ಕಾಣಲು ಸಾಧ್ಯವಾಗುತ್ತಿದ್ದುದನ್ನು ಗಮನಿಸಿ, ಅದರ ಒಂದು ಪಾರ್ಶ್ವ ಕಪ್ಪಿರಬೇಕು ಎಂದು ಸರಿಯಾಗಿಯೇ ಊಹಿಸಿದ್ದರು. ಅವರ ಹೆಸರನ್ನೇ ಹೊತ್ತ ನೌಕೆ ಮೂರು ಶತಮಾನಗಳ ನಂತರ ಆ ಊಹೆಯ ಎರಡೂ ಮುಖಗಳನ್ನು ಕಣ್ಣಿಗೆ ತೋರಿಸಿತು.

ಈ ಸೇವೆಯ ವಿವರಣೆಗಳು ಪ್ರಾಮಾಣಿಕವಾಗಿವೆ ಎಂದು ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಮುಖ್ಯವಾಗಿ ಬಣ್ಣದ ಪ್ರಶ್ನೆ. ‘ಸೃಷ್ಟಿಯ ಸ್ತಂಭಗಳು’ ಎಂದು ಹೆಸರಾದ, ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರವನ್ನು ನೋಡದವರು ವಿರಳ. ಸುಮಾರು 6,500 ಜ್ಯೋತಿರ್ವರ್ಷ ದೂರದ ಹದ್ದು ನೀಹಾರಿಕೆಯಲ್ಲಿ ಅನಿಲ ಮತ್ತು ಧೂಳಿನ ಮೂರು ಕಂಬಗಳು ನಿಂತಿವೆ. ಅವುಗಳ ಒಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. 1995ರ ಏಪ್ರಿಲ್ 1ರಂದು ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಅವರ ತಂಡಕ್ಕಾಗಿ ಹಬಲ್ ಇದನ್ನು ಸೆರೆಹಿಡಿಯಿತು. ಅಲ್ಲಿನ ಹಸಿರು, ನೀಲಿ, ಕೆಂಪು ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲ. ಗಂಧಕದ ಅಯಾನುಗಳು ಹೊಮ್ಮಿಸುವ ಬೆಳಕಿಗೆ ಕೆಂಪನ್ನೂ ಜಲಜನಕದ ಬೆಳಕಿಗೆ ಹಸಿರನ್ನೂ ಆಮ್ಲಜನಕದ ಅಯಾನುಗಳ ಬೆಳಕಿಗೆ ನೀಲಿಯನ್ನೂ ಕೊಟ್ಟು ಮೂರು ಚಿತ್ರಗಳನ್ನು ಬೆಸೆಯಲಾಗಿದೆ. ಜಲಜನಕದ ಆ ಬೆಳಕು ವಾಸ್ತವದಲ್ಲಿ ಕೆಂಪು, ಗಂಧಕದ್ದೂ ಕೆಂಪೇ. ಎರಡನ್ನೂ ಕೆಂಪಾಗಿಯೇ ಬಿಟ್ಟಿದ್ದರೆ ಎಲ್ಲಿ ಯಾವುದು ಹೆಚ್ಚಿದೆ ಎಂದು ಬೇರ್ಪಡಿಸಿ ನೋಡಲು ಆಗುತ್ತಲೇ ಇರಲಿಲ್ಲ. ಆದ್ದರಿಂದ ಇದನ್ನು ಸುಳ್ಳು ಬಣ್ಣ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಧಾತು ಎಲ್ಲಿದೆ ಎಂಬುದನ್ನು ಗುರುತಿಸಿದ ನಕ್ಷೆ ಅದು, ನಕ್ಷೆಯ ಸೂಚಿಯನ್ನು ಓದುಗರ ಕೈಗೆ ಕೊಟ್ಟಾಗ ಅದರಲ್ಲಿ ವಂಚನೆಯೇನೂ ಇಲ್ಲ. ಸೂಚಿಯನ್ನು ಕೊಡದೆ ಚಿತ್ರವನ್ನಷ್ಟೇ ಹಂಚುವುದರಿಂದ ಮಾತ್ರ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

ಅದೇ ಸ್ತಂಭಗಳನ್ನು 2022ರ ಅಕ್ಟೋಬರ್‌ನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಎರಡು ಬಗೆಯಾಗಿ ತೋರಿಸಿತು. ಸಮೀಪದ ಅವಕೆಂಪಿನಲ್ಲಿ ಧೂಳು ತೆಳುವಾದ ಪರದೆಯಾಗಿ, ಒಳಗಿನ ಮತ್ತು ಹಿಂದಿನ ನಕ್ಷತ್ರಗಳು ಅಸಂಖ್ಯವಾಗಿ ಹೊರಬಂದವು. ಮಧ್ಯಮ ಅವಕೆಂಪಿನಲ್ಲಿ ಆ ನಕ್ಷತ್ರಗಳಲ್ಲಿ ಹೆಚ್ಚಿನವು ಮರೆಯಾಗಿ ಧೂಳೇ ಬೂದುಬಣ್ಣದಲ್ಲಿ ಘನವಾಗಿ ನಿಂತಿತು. ಹಬಲ್‌ನದೂ ಸೇರಿ ಮೂರು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಿ ಎಂದು ನಾನು ಪ್ರತಿಯೊಬ್ಬ ಹೊಸ ಓದುಗರಿಗೂ ಹೇಳುತ್ತೇನೆ. ಒಂದು ಅನಿಲದ ಅಂಚುಗಳನ್ನು ಹೇಳುತ್ತದೆ, ಒಂದು ಒಳಗೆ ಹುಟ್ಟಿದವರನ್ನು ತೋರಿಸುತ್ತದೆ, ಇನ್ನೊಂದು ಹುಟ್ಟಿಗೆ ಬೇಕಾದ ಧೂಳು ಎಷ್ಟು ಉಳಿದಿದೆ ಎನ್ನುತ್ತದೆ. ಯಾವುದು ನಿಜವಾದ ಚಿತ್ರ ಎಂಬ ಪ್ರಶ್ನೆ ಅಲ್ಲಿಗೆ ಅರ್ಥ ಕಳೆದುಕೊಳ್ಳುತ್ತದೆ. ಹಳೆಯ ಹಬಲ್ ಚಿತ್ರದ ಒಂದು ಮೂಲೆ ಮೆಟ್ಟಿಲಿನ ಆಕಾರದಲ್ಲಿ ಕಪ್ಪಾಗಿ ಕಾಣುವುದಕ್ಕೂ ಕಾರಣವಿದೆ: ಅಂದಿನ ಕ್ಯಾಮೆರಾದ ನಾಲ್ಕು ಭಾಗಗಳಲ್ಲಿ ಒಂದು ಹೆಚ್ಚು ಸೂಕ್ಷ್ಮವಾಗಿ ನೋಡುತ್ತಿದ್ದು, ಅದರ ಚಿತ್ರವನ್ನು ಉಳಿದವುಗಳಿಗೆ ಸರಿಹೊಂದಿಸಲು ಕುಗ್ಗಿಸಿದಾಗ ಖಾಲಿ ಜಾಗ ಉಳಿಯಿತು.

ಬ್ರಹ್ಮಾಂಡದ ವಿಸ್ತಾರವನ್ನು ತಿಳಿಯಬಯಸುವವರು ಭಂಡಾರದಲ್ಲಿ ಮೊದಲು ಹುಡುಕಬೇಕಾದದ್ದು ‘ಹಬಲ್ ಡೀಪ್ ಫೀಲ್ಡ್’ ಚಿತ್ರ. ಬಾಲ್ಟಿಮೋರ್‌ನ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್ ಅವರು ತಮ್ಮ ವಿವೇಚನೆಗೆ ಬಿಟ್ಟಿದ್ದ ವೀಕ್ಷಣಾ ಸಮಯವನ್ನು, ಸಪ್ತರ್ಷಿ ಮಂಡಲದ ಬಳಿ ಏನೂ ಇಲ್ಲವೆಂಬಂತೆ ತೋರುತ್ತಿದ್ದ ಆಕಾಶದ ಒಂದು ಚಿಕ್ಕ ತುಣುಕಿಗೆ ಮೀಸಲಿಟ್ಟರು. ಅಷ್ಟು ಅಮೂಲ್ಯವಾದ ಸಮಯ ವ್ಯರ್ಥವಾಗಬಹುದೆಂಬ ಶಂಕೆ ಅನುಭವಿಗಳಲ್ಲೂ ಇತ್ತು. 1995ರ ಡಿಸೆಂಬರ್ 18ರಿಂದ 28ರವರೆಗೆ 342 ಬಾರಿ ಬೆಳಕನ್ನು ಹಿಡಿದು ಒಂದಾಗಿ ಕೂಡಿಸಿದಾಗ, ಇಡೀ ಆಕಾಶದ ಸುಮಾರು 2.4 ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದ ಆ ಕತ್ತಲಲ್ಲಿ ಸುಮಾರು 3,000 ಗ್ಯಾಲಕ್ಸಿಗಳು ಕಾಣಿಸಿದವು. ಲೆಕ್ಕಕ್ಕಿಂತ ದೊಡ್ಡದು ಅವುಗಳ ಆಕಾರ ಹೇಳಿದ ಸಂಗತಿ. ಬಹು ದೂರದವುಗಳ ಬೆಳಕು ಬಹು ಹಿಂದೆ ಹೊರಟದ್ದು. ಆ ಹಿಂದಿನ ಕಾಲದ ಗ್ಯಾಲಕ್ಸಿಗಳು ಇಂದಿನ ಅಚ್ಚುಕಟ್ಟಾದ ಸುರುಳಿಗಳಂತಿರದೆ ಚಿಕ್ಕವೂ ವಿಕಾರವೂ ಆಗಿದ್ದವು. ಗ್ಯಾಲಕ್ಸಿಗಳು ಹುಟ್ಟಿನಿಂದಲೇ ಹೀಗಿರಲಿಲ್ಲ, ಕಾಲಕ್ರಮದಲ್ಲಿ ಕೂಡಿಕೊಂಡು ಬೆಳೆದವು ಎಂಬ ತಿಳಿವಳಿಕೆಗೆ ಈ ಒಂದು ಚಿತ್ರ ಕೊಟ್ಟ ಬಲ ದೊಡ್ಡದು. ಮುಂದೆ 2003–04ರಲ್ಲಿ ತೆಗೆದ ಇನ್ನೂ ಆಳವಾದ ಚಿತ್ರದಲ್ಲಿ ಸುಮಾರು 10,000 ಗ್ಯಾಲಕ್ಸಿಗಳು ಸಿಕ್ಕವು.

ವೆಬ್‌ನ ಮೊದಲ ಆಳದ ಚಿತ್ರ 2022ರ ಜುಲೈ 11ರಂದು ಬಿಡುಗಡೆಯಾಯಿತು. ಅಲ್ಲಿ ನಡುವೆ ಇರುವುದು ಎಸ್‌ಮ್ಯಾಕ್ಸ್ 0723 ಎಂಬ ಗ್ಯಾಲಕ್ಸಿಗಳ ಗುಂಪು; ಅದರ ಸುತ್ತ ಬಿಲ್ಲಿನಂತೆ ಬಾಗಿದ ಕೆಂಪು ಗೆರೆಗಳು ಗುಂಪಿನ ಹಿಂದೆ ಬಹು ದೂರದಲ್ಲಿರುವ ಗ್ಯಾಲಕ್ಸಿಗಳ ಬೆಳಕು. ಗುಂಪಿನ ಗುರುತ್ವ ಆ ಬೆಳಕನ್ನು ಬಾಗಿಸಿ ಹಿಗ್ಗಿಸಿದೆ. ಎಷ್ಟು ಬಾಗಿದೆ ಎಂದು ಅಳೆದರೆ ಗುಂಪಿನಲ್ಲಿರುವ ದ್ರವ್ಯ ಎಷ್ಟೆಂದು ತಿಳಿಯುತ್ತದೆ. ಹಾಗೆ ಸಿಗುವ ಮೊತ್ತ ಕಣ್ಣಿಗೆ ಕಾಣುವ ನಕ್ಷತ್ರಗಳೂ ಅನಿಲವೂ ಸೇರಿದರೂ ತುಂಬದು. ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ತನ್ನ ಇರವನ್ನು ತಿಳಿಸುವ ಕತ್ತಲ ದ್ರವ್ಯದ ಮಾತು ಬರುವುದು ಇಲ್ಲಿಯೇ. ಇಂಥ ಚಿತ್ರ ನೋಡುವಾಗ ನೆನಪಿಡಬೇಕಾದ ಒಂದು ಸರಳ ಸೂತ್ರವಿದೆ: ಮುಳ್ಳುಗಳಂತೆ ಕಿರಣ ಚಾಚಿ ಹೊಳೆಯುವ ಬಿಂದುಗಳು ಸಾಮಾನ್ಯವಾಗಿ ನಮ್ಮದೇ ಕ್ಷೀರಪಥದ ನಕ್ಷತ್ರಗಳು, ಆ ಮುಳ್ಳುಗಳು ದೂರದರ್ಶಕದ ಕನ್ನಡಿ ಮತ್ತು ಆಧಾರದ ಕಂಬಗಳಿಂದ ಉಂಟಾದವು. ಉಳಿದ ಮಸುಕಿನ ಚುಕ್ಕಿಗಳೂ ಪಟ್ಟಿಗಳೂ ಬಹುಪಾಲು ಗ್ಯಾಲಕ್ಸಿಗಳು. ಇಷ್ಟು ತಿಳಿದ ಮಕ್ಕಳು ಅದೇ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ.

ಕಣ್ಣಿಗೆ ಕಾಣದ ಬೆಳಕಿನ ಚಿತ್ರಗಳಿಗೂ ಈ ಭಂಡಾರದಲ್ಲಿ ನ್ಯಾಯವಾದ ಪಾಲು ಸಿಕ್ಕಿದೆ. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ‘ಚಂದ್ರಾ’ ಬಾಹ್ಯಾಕಾಶ ವೀಕ್ಷಣಾಲಯದ ಎಕ್ಸ್-ರೇ ಚಿತ್ರಗಳು ಪದೇಪದೇ ಬರುತ್ತವೆ. 2019ರ ಏಪ್ರಿಲ್ 10ರಂದು ಪ್ರಕಟವಾದ, ಎಂ87 ಗ್ಯಾಲಕ್ಸಿಯ ಕೃಷ್ಣರಂಧ್ರದ ಕಿತ್ತಳೆ ಉಂಗುರವೂ ಅಲ್ಲಿದೆ. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ, ಸೂರ್ಯನ ಸುಮಾರು 650 ಕೋಟಿ ಪಟ್ಟು ದ್ರವ್ಯರಾಶಿಯ ಆ ಕೃಷ್ಣರಂಧ್ರದ ಚಿತ್ರ ರೇಡಿಯೊ ಅಲೆಗಳಿಂದ ಕಟ್ಟಿದ್ದು. ಕಿತ್ತಳೆ ಬಣ್ಣ ವಿಜ್ಞಾನಿಗಳ ಆಯ್ಕೆ.

ವೃತ್ತಿನಿರತರಲ್ಲದವರ ಚಿತ್ರಗಳಿಗೂ ಜಾಗ ಕೊಡುವುದು ಈ ಸೇವೆಯ ಇನ್ನೊಂದು ಹಿರಿಮೆ. ಅತಿ ಹೆಚ್ಚು ಛಾಯಾಚಿತ್ರಕ್ಕೆ ಒಳಗಾದ ಗ್ಯಾಲಕ್ಸಿಗಳಲ್ಲಿ ಆಂಡ್ರೊಮಿಡಾ ಒಂದು. ಅದರ ಬಳಿ ಹೊಸದೇನೂ ಉಳಿದಿಲ್ಲವೆಂದೇ ಎಲ್ಲರೂ ನಂಬಿದ್ದರು. ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್ ಮತ್ತು ಯಾನ್ ಸೈಂಟಿ ಎಂಬ ಹವ್ಯಾಸಿಗಳು ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ ಬಹಳ ದೀರ್ಘಕಾಲ ಬೆಳಕು ಸಂಗ್ರಹಿಸಿದಾಗ, ಗ್ಯಾಲಕ್ಸಿಯ ಪಕ್ಕದಲ್ಲಿ ನೀಲಿಯ ಉದ್ದನೆಯ ಕಮಾನೊಂದು ಕಂಡಿತು. 2023ರ ಜನವರಿಯಲ್ಲಿ ಆ ಚಿತ್ರ ಇಲ್ಲಿ ಪ್ರಕಟವಾಯಿತು. ಕಮಾನು ಆಂಡ್ರೊಮಿಡಾದ ಬಳಿಯದೋ, ನಮ್ಮ ಗ್ಯಾಲಕ್ಸಿಯದೇ ಅನಿಲವು ಅದೇ ದಿಕ್ಕಿನಲ್ಲಿ ಕಾಣುತ್ತಿದೆಯೋ ಎಂಬ ಚರ್ಚೆ ಆಗ ಹುಟ್ಟಿಕೊಂಡಿತು. ಉತ್ತರ ಸಿಗದ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಓದುಗರ ಮುಂದಿಡುವ ಧೈರ್ಯ ಜನಪ್ರಿಯ ವಿಜ್ಞಾನದ ಬರಹಗಳಲ್ಲಿ ಅಪರೂಪ. ಅದು ಇಲ್ಲಿ ಇದೆ.

ಕೊರತೆಗಳನ್ನೂ ಹೇಳಬೇಕು. ಅಳತೆಯ ಅರಿವು ಕೊಡುವುದರಲ್ಲಿ ಈ ಸೇವೆ ನಿಯತವಾಗಿಲ್ಲ. ಚಿತ್ರದ ಅಗಲ ಎಷ್ಟು ಜ್ಯೋತಿರ್ವರ್ಷ, ಆಕಾಶದಲ್ಲಿ ಅದು ಪೂರ್ಣಚಂದ್ರನ ಎಷ್ಟು ಪಾಲು ಎಂಬುದನ್ನು ಕೆಲವು ವಿವರಣೆಗಳು ಹೇಳುತ್ತವೆ, ಕೆಲವು ಹೇಳುವುದಿಲ್ಲ; ಅದನ್ನು ಪ್ರತಿ ಚಿತ್ರದ ಕೆಳಗೂ ಒಂದೇ ಸಾಲಿನಲ್ಲಿ ಕೊಡುವ ಪದ್ಧತಿ ಇದ್ದಿದ್ದರೆ ಹೊಸಬರಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಬಣ್ಣಗಳ ಸೂಚಿಯೂ ಹಲವು ಬಾರಿ ಮುಖ್ಯ ಪ್ಯಾರಾದಲ್ಲಿ ಇರದೆ ಕೊಂಡಿಗಳ ಹಿಂದೆ ಅಡಗಿರುತ್ತದೆ. ಆ ಕೊಂಡಿಗಳೇ ಈ ಸೇವೆಯ ಸಂಪತ್ತು ಹೌದು, ಒಂದೊಂದು ಪ್ಯಾರಾದಿಂದ ಹತ್ತಾರು ಪುಟಗಳಿಗೆ ದಾರಿಯಿದೆ. ಆದರೆ ತೊಂಬತ್ತರ ದಶಕದ ಪುಟಗಳಲ್ಲಿ ಹೊರಗಿನ ಕೊಂಡಿಗಳು ಸತ್ತುಹೋಗಿರುವುದು ಸಾಮಾನ್ಯ, ಅಂದಿನ ಚಿತ್ರಗಳೂ ಇಂದಿನ ಪರದೆಗಳಿಗೆ ಚಿಕ್ಕವು. ಬೆಟ್ಟ, ಕಡಲತೀರ, ಹಳೆಯ ಕಟ್ಟಡಗಳ ಮೇಲೆ ಕ್ಷೀರಪಥ ಹರಡಿದ ರಾತ್ರಿಯ ದೃಶ್ಯಗಳು ಈಚೆಗೆ ಹೆಚ್ಚಾಗಿವೆ ಎಂಬುದು ನನ್ನ ಅನಿಸಿಕೆ. ಅವು ಸುಂದರವಾಗಿದ್ದರೂ, ಉಪಗ್ರಹವೊಂದರ ಬಿರುಕುಬಿಟ್ಟ ನೆಲ ಕಲಿಸುವಷ್ಟನ್ನು ಕಲಿಸುವುದಿಲ್ಲ. ಪುಟದ ವಿನ್ಯಾಸ ಮೂವತ್ತು ವರ್ಷಗಳಲ್ಲಿ ಬದಲಾಗಿಲ್ಲವೆಂದೇ ಹೇಳಬೇಕು. ಇದನ್ನು ದೋಷವೆಂದು ಎಣಿಸುವವರಿದ್ದಾರೆ, ನಿಧಾನವಾದ ಸಂಪರ್ಕದಲ್ಲೂ ತಕ್ಷಣ ತೆರೆದುಕೊಳ್ಳುವ ಪುಟ ಎಂಬ ಕಾರಣಕ್ಕೆ ನಾನು ಅದನ್ನು ಗುಣವೆಂದೇ ಎಣಿಸುತ್ತೇನೆ. 2013ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರದ ಕಚೇರಿಗಳು ಮುಚ್ಚಿದ್ದಾಗಲೂ ಬೇರೆ ಸಂಸ್ಥೆಗಳಲ್ಲಿರುವ ಪ್ರತಿತಾಣಗಳ ಮೂಲಕ ದಿನದ ಚಿತ್ರ ಬರುತ್ತಲೇ ಇತ್ತು.

ಮೂಲ ವಿವರಣೆ ಇಂಗ್ಲಿಷಿನಲ್ಲಿದೆ, ಅದೂ ಸಾಂದ್ರವಾದ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಅದರ ಮುಂದೆ ಒಬ್ಬಂಟಿಯಾಗಿ ಕೂರಿಸಿದರೆ ಪ್ರಯೋಜನ ಕಡಿಮೆ. ಶಿಕ್ಷಕರು ಪಕ್ಕದಲ್ಲಿದ್ದು ಒಂದೊಂದು ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಒಂದು ಚಿತ್ರ ಒಂದು ಇಡೀ ತರಗತಿಗೆ ಸಾಲುತ್ತದೆ. ಇದಕ್ಕೆ ಹೋಲಿಸಲು ನಮ್ಮ ಹತ್ತಿರದ ಒಂದು ಸೇವೆಯನ್ನೂ ಹೆಸರಿಸಬೇಕು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವು ‘ಪ್ರದಾನ್’ ಎಂಬ ಜಾಲತಾಣದ ಮೂಲಕ ಚಂದ್ರಯಾನ-2ರ ದತ್ತಾಂಶವನ್ನು ನೋಂದಾಯಿಸಿಕೊಂಡವರಿಗೆ ಉಚಿತವಾಗಿ ಕೊಡುತ್ತದೆ. ಆ ನೌಕೆಯ ಸೂಕ್ಷ್ಮ ಕ್ಯಾಮೆರಾ ಚಂದ್ರನ ನೆಲವನ್ನು ಕಾಲು ಮೀಟರಿನಷ್ಟು ಸೂಕ್ಷ್ಮವಾಗಿ ನೋಡಬಲ್ಲದು. ಆದರೆ ಅಲ್ಲಿ ಸಿಗುವುದು ಸಂಶೋಧಕರಿಗೆ ಬೇಕಾದ ಕಚ್ಚಾ ಕಡತಗಳು. ಸಾಮಾನ್ಯ ಓದುಗರಿಗೆ ಚಿತ್ರವನ್ನು ತೆರೆದು ತೋರಿಸಿ ಅರ್ಥ ಹೇಳುವ ಪ್ಯಾರಾ ಅದರ ಕೆಲಸವಲ್ಲ. ಅಂಥ ಪ್ಯಾರಾಗಳನ್ನು ಕನ್ನಡದಲ್ಲಿ, ದಿನಕ್ಕೊಂದಲ್ಲದಿದ್ದರೂ ವಾರಕ್ಕೊಂದಾದರೂ, ಬರೆದು ಕೊಡುವ ಶಕ್ತಿ ನಮ್ಮ ವಿಜ್ಞಾನ ಸಂಸ್ಥೆಗಳಿಗೂ ವಿಜ್ಞಾನ ಬರಹಗಾರರಿಗೂ ಖಂಡಿತ ಇದೆ, ಆ ಕೆಲಸ ಆಗಬೇಕೆಂಬುದು ನನ್ನ ಒತ್ತಾಸೆ.

ಹೊಸದಾಗಿ ಓದಲು ತೊಡಗುವವರು ಇಂದಿನ ಚಿತ್ರದಿಂದಲೇ ಆರಂಭಿಸಬೇಕಾಗಿಲ್ಲ. ಹುಡುಕುವ ಸೌಲಭ್ಯದಲ್ಲಿ ಎನ್ಸೆಲಾಡಸ್ ಎಂದೋ ಹದ್ದು ನೀಹಾರಿಕೆಯ ಸಂಖ್ಯೆಯಾದ ಎಂ16 ಎಂದೋ ಕೊಟ್ಟು, ಅದೇ ವಸ್ತುವಿನ ಹಳೆಯ ಚಿತ್ರದಿಂದ ಹೊಸದರ ಕಡೆಗೆ ಬಂದರೆ ನಮ್ಮ ತಿಳಿವಳಿಕೆ ಹೇಗೆ ಬೆಳೆಯಿತೆಂಬುದೂ ಜೊತೆಜೊತೆಗೆ ಕಾಣುತ್ತದೆ. ಚಿತ್ರಗಳನ್ನು ಶಾಲೆಯ ಗೋಡೆಗೋ ಸಂಚಿಕೆಗೋ ಬಳಸುವವರು ಪುಟದಲ್ಲಿರುವ ಕೃತಜ್ಞತೆಯ ಸಾಲನ್ನು ತಪ್ಪದೆ ಓದಬೇಕು. ನಾಸಾ ತಾನೇ ತೆಗೆದ ಚಿತ್ರಗಳನ್ನು ಸಾಮಾನ್ಯವಾಗಿ ಮುಕ್ತವಾಗಿ ಬಳಸಬಹುದು. ಹವ್ಯಾಸಿಗಳ ಮತ್ತು ಖಾಸಗಿ ವೀಕ್ಷಣಾಲಯಗಳ ಚಿತ್ರಗಳ ಹಕ್ಕು ಮಾತ್ರ ತೆಗೆದವರಲ್ಲೇ ಉಳಿದಿರುತ್ತದೆ, ಅವುಗಳಿಗೆ ಅವರ ಅನುಮತಿಯನ್ನು ಬರೆದು ಕೇಳಬೇಕು.